ಆಕ್ಟಿವಿಟಿ ಅಳಿಯಂದಿರು

ಅಳಿಯ ಅಂದರೆ ನಮ್ಮ ಕಡೆ ಒಂದು ಲೆಕ್ಕ ಇತ್ತು. ಹಬ್ಬಕ್ಕೋ ಜಾತ್ರೆಗೋ ಬರುತ್ತಾನೆ. ಕಾಲು ತೊಳೆಯಲು ಚೆಂಬಿನಲ್ಲಿ ನೀರು ಕೊಡಬೇಕು, ಜಗಲಿಯಲ್ಲಿ ಕುರ್ಚಿ ಹಾಕಬೇಕು, ಕೈಗೆ ಪೇಪರ್ ಕೊಡಬೇಕು. ಊಟಕ್ಕೆ ಎಬ್ಬಿಸಬೇಕು, ಉಂಡ ಮೇಲೆ ಮಲಗಲು ಜಾಗ ಮಾಡಿಕೊಡಬೇಕು. ಮಗು ಅತ್ತರೆ ‘ಯಾರಾದ್ರೂ ಇದನ್ನ ಎತ್ಕೊಳ್ರಪ್ಪಾ’ ಅಂತ ಕೂತಲ್ಲಿಂದಲೇ ಹುಕುಂ ಹೊರಡಿಸುತ್ತಾನೆ. ಆಮೇಲೆ ಬಸ್ಸು ಹತ್ತುತ್ತಾನೆ. ಇದ್ದಷ್ಟು ದಿನ ಖರ್ಚು ಜಾಸ್ತಿ, ತಲೆನೋವು ಕಡಿಮೆ. ನಾನೂ ಇಂಥದೇ ಅಳಿಯನಾಗಿದ್ದವನು, ಆದ್ದರಿಂದ ಈ ತಳಿಯ ಬಗ್ಗೆ ಅಧಿಕಾರದಿಂದ ಹೇಳಬಲ್ಲೆ.

ಈಗ ಬರುತ್ತಿರುವುದು ಹೊಸ ತಳಿ. ಇವರು ಕುರ್ಚಿಯಲ್ಲಿ ಕೂರುವುದಿಲ್ಲ. ನೆಲದ ಮೇಲೆ ಕೂರುತ್ತಾರೆ, ಬೇಕೆಂದಾಗ ಮಕಾಡೆ ಮಲಗುತ್ತಾರೆ, ಬೆನ್ನಿನ ಮೇಲೆ ಮಗು ಇರುತ್ತದೆ. ಕಾಲು ತೊಳೆಯಲೆಂದು ನಾವು ಕೊಟ್ಟ ಚೆಂಬು ಅಷ್ಟು ಹೊತ್ತಿಗೆ ಮಗುವಿನ ಕೈ ಸೇರಿ, ಅದರ ನೀರು ಒಂದು ಲೋಟದಿಂದ ಇನ್ನೊಂದು ಲೋಟಕ್ಕೆ, ಅಲ್ಲಿಂದ ಜಗಲಿಗೆ ಹೋಗಿರುತ್ತದೆ. ‘ಪೋರಿಂಗ್ ಆಕ್ಟಿವಿಟಿ, ಮಾವ’ ಎಂದು ವಿವರಣೆ ಬೇರೆ. ಬೆಂಗಳೂರು, ಮೈಸೂರಿನ ಅಪಾರ್ಟ್‌ಮೆಂಟುಗಳಲ್ಲಿ ಈ ಆಕ್ಟಿವಿಟಿ ಅಪ್ಪಂದಿರು ಹೇರಳವಾಗಿದ್ದಾರಂತೆ. ಅಲ್ಲಿದ್ದರೆ ಪರವಾಗಿಲ್ಲ. ಕುದೇರಿನಂಥ ಹಳ್ಳಿಯ ದಿನಸಿ ಅಂಗಡಿಯವನ ಮನೆಗೆ ಅಳಿಯನಾಗಿ ಬಂದರೆ ಏನಾಗುತ್ತದೆ ಅನ್ನುವುದಕ್ಕೆ ಜೀವಂತ ಸಾಕ್ಷಿ ನಾನು.

ಮಗಳನ್ನು ಆಫೀಸಿನವರು ಹೈದರಾಬಾದಿಗೆ ತರಬೇತಿಗೆ ಕಳಿಸಿದರು. ಅಳಿಯಂದಿರು ವರ್ಕ್ ಫ್ರಮ್ ಹೋಮ್ ಹಾಕಿಸಿಕೊಂಡು, ಎರಡು ವರ್ಷ ತುಂಬದ ಪುಟ್ಟಿಯನ್ನು ಕಟ್ಟಿಕೊಂಡು ನಮ್ಮ ಮನೆಗೆ ಬಂದರು. ನಮ್ಮೂರಿನಲ್ಲಿ ಚಾಮುಲ್ ಡೇರಿ ಇದೆ, ಹಾಲಿನ ಟ್ಯಾಂಕರುಗಳು ಓಡಾಡುತ್ತವೆ. ಕೂಸನ್ನು ಅಂಗಡಿ ಮೆಟ್ಟಿಲ ಮೇಲೆ ಕೂರಿಸಿಕೊಂಡು ಟ್ಯಾಂಕರ್ ತೋರಿಸುತ್ತಿದ್ದರೆ ದಿನ ಕಳೆಯುತ್ತದೆ ಎಂಬುದು ನನ್ನ ಅಂದಾಜಾಗಿತ್ತು. ‘ಬರೀ ನೋಡೋದು ಪ್ಯಾಸಿವ್ ಆಗುತ್ತೆ ಮಾವ, ಕೈಗೆ ಕೆಲಸ ಇರಬೇಕು’ ಎಂದರು. ಮಾರನೇ ದಿನದಿಂದ ಕೈಗೆ ಕೆಲಸ ಶುರುವಾಯಿತು, ಕೈ ಅವರದು, ಮಾಲು ನನ್ನದು.

ಮೊದಲು ಅಕ್ಕಿ ಹೋಯಿತು. ಅಗಲವಾದ ಪರಾತದಲ್ಲಿ ಎರಡು ಸೇರು ಸುರಿದು, ಚಮಚ, ಸೌಟು, ಲೋಟ ಇಟ್ಟು ಅದಕ್ಕೆ ಸೆನ್ಸರಿ ಬಿನ್ ಎಂದು ಹೆಸರಿಟ್ಟರು. ಬೆರಳಲ್ಲಿ ಗೆರೆ ಎಳೆಯಲು ತಟ್ಟೆಗೆ ರವೆ. ಹಿಸುಕಿ ನೋಡಲು ನೆನೆಸಿದ ಸಬ್ಬಕ್ಕಿ. ಪೇಟೆಯಲ್ಲಿ ಇದಕ್ಕೆ ನೀರಲ್ಲಿ ಉಬ್ಬುವ ಬಣ್ಣದ ಪ್ಲಾಸ್ಟಿಕ್ ಮಣಿ ಬರುತ್ತವಂತೆ, ಮಗು ನುಂಗಿದರೆ ಹೊಟ್ಟೆಯೊಳಗೆ ಹೋಗಿ ಅಲ್ಲೂ ಉಬ್ಬಿ ಕರುಳು ಕಟ್ಟುತ್ತವಂತೆ, ಅದಕ್ಕೇ ಸಬ್ಬಕ್ಕಿ. ಇಷ್ಟು ಕೇಳಿದ ಮೇಲೆ ಸಬ್ಬಕ್ಕಿಯ ರೇಟಿನ ಮಾತು ಎತ್ತುವುದು ಹೇಗೆ? ಬೇರೆಯವರಾದರೆ ಸಾಲದ ಪುಸ್ತಕದಲ್ಲಿ ಬರೆದುಕೊಳ್ಳಬಹುದು. ಅಳಿಯನ ಹೆಸರಿಗೆ ಪುಟ ತೆರೆದ ಅಂಗಡಿಯವನು ಚಾಮರಾಜನಗರ ಜಿಲ್ಲೆಯಲ್ಲೇ ಇರಲಾರ.

ಇಷ್ಟೆಲ್ಲ ಜೋಡಿಸಿ, ಸ್ಟ್ಯಾಂಡಿಗೆ ಮೊಬೈಲು ಸಿಕ್ಕಿಸಿ, ಬೆಳಕು ಯಾವ ಕಡೆಯಿಂದ ಬೀಳುತ್ತದೆಂದು ನೋಡಿ, ಕೊನೆಗೆ ಕೂಸನ್ನು ತಂದು ಕೂರಿಸುವ ಹೊತ್ತಿಗೆ ಮುಕ್ಕಾಲು ಗಂಟೆ ಆಗಿರುತ್ತದೆ. ಕೂಸು ಎರಡು ಸೌಟು ಅಕ್ಕಿ ಆಚೆಗೆ ಸುರಿದು, ಒಂದು ಮುಷ್ಟಿ ಬಾಯಿಗೆ ಹಾಕಿ, ಉಗಿದು, ಎದ್ದು ಬೆಕ್ಕಿನ ಹಿಂದೆ ಹೋಗುತ್ತದೆ. ‘ಹಿಂಗಲ್ಲ ಪುಟ್ಟಿ, ಹಿಂಗೆ’ ಎನ್ನುತ್ತ ಅಳಿಯಂದಿರು ಇನ್ನೂ ಹತ್ತು ನಿಮಿಷ ತಾವೇ ಸುರಿದುಕೊಂಡು ಕೂರುತ್ತಾರೆ. ಗುಡಿಸುವ ಆಕ್ಟಿವಿಟಿ ನನ್ನ ಹೆಂಡತಿಯದು.

ಒಂದು ದಿನ ಪುಟ್ಟಿ ಹುಣಸೆಬೀಜ ಹಿಡಿದುಕೊಂಡಿದ್ದನ್ನು ಕಂಡು ಹೆಂಡತಿ ಬಾಯಿಬಿಟ್ಟಳು. ‘ಮೂಗ್ಗ ಹೋಗೋದು, ಗಂಟ್ಲಗ ಹೋಗೋದು ಯಾವ್ದೂ ಬ್ಯಾಡ ಕನಪ್ಪ.’ ಅಳಿಯಂದಿರು ವಾದ ಮಾಡಲಿಲ್ಲ. ಬದಲಿಗೆ ರಟ್ಟು ಸುತ್ತಿ, ಟೇಪು ಹಾಕಿ ಒಂದು ಕೊಳವೆ ಮಾಡಿದರು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯನ್ನು ಪರೀಕ್ಷಿಸುವ ಕೊಳವೆಯ ಬಾಯಿ 31.7 ಮಿಲಿಮೀಟರ್ ಇರುತ್ತದೆ, ಅದರೊಳಕ್ಕೆ ಪೂರ್ತಿ ಇಳಿಯುವುದೆಲ್ಲ ಅಪಾಯ, ಇದು ಕಾನೂನು ಎಂದರು. ಆಮೇಲೆ ಕೊಳವೆ ಹಿಡಿದು ಅಂಗಡಿಗೇ ನುಗ್ಗಿದರು. ಶುಂಠಿ ಪೆಪ್ಪರಮೆಂಟು ನಪಾಸು. ಗೋಲಿ ನಪಾಸು. ಅಡಿಕೆ, ಬೆಳ್ಳುಳ್ಳಿ ಎಸಳು, ಪೆನ್ಸಿಲ್ ಸೆಲ್ಲು, ಕಡಲೆಬೀಜ, ಎಲ್ಲ ನಪಾಸು. ಗಿರಾಕಿಗಳು ಚೀಲ ಹಿಡಿದು ನಿಂತು ನೋಡುತ್ತಿದ್ದಾರೆ. ಈರುಳ್ಳಿ ಪಾಸಾಯಿತು, ಸಾಂಬಾರ್ ಈರುಳ್ಳಿ ಫೇಲಾಯಿತು. ‘ಏನಣ್ಣ, ಫುಡ್ ಇನ್‌ಸ್ಪೆಕ್ಟರ್ ಬಂದವ್ರಾ?’ ಎಂದು ಒಬ್ಬ ಮೆಲ್ಲಗೆ ಕೇಳಿದ. ಅಳಿಯ ಎಂದು ಹೇಳುವುದೋ ಇನ್‌ಸ್ಪೆಕ್ಟರ್ ಎಂದು ಹೇಳುವುದೋ, ಮರ್ಯಾದೆ ಯಾವುದರಲ್ಲಿ ಉಳಿಯುತ್ತದೆ ಅಂತ ಒಂದು ಗಳಿಗೆ ಯೋಚಿಸಿದೆ. ಆದರೂ ಒಂದು ಮಾತು: ಅವತ್ತಿನಿಂದ ಕೂಸಿನ ಕೈಗೆಟಕುವ ಕೆಳಗಿನ ಸಾಲಿನಲ್ಲಿ ನಾನು ಪೆಪ್ಪರಮೆಂಟಿನ ಡಬ್ಬ ಇಡುತ್ತಿಲ್ಲ.

ಇವೆಲ್ಲ ಸಣ್ಣ ಪುಟ್ಟ ಬಾಧೆಗಳು. ನಾನು ಹೇಳಲೇಬೇಕಾದ್ದು ಅರಿಸಿನದ ಪ್ರಕರಣ.

ನಮ್ಮ ಸೀಮೆಯಲ್ಲಿ ಅರಿಸಿನ ಬೆಳೆ ಜೋರು. ಗುಂಡ್ಲುಪೇಟೆ, ಚಾಮರಾಜನಗರದ ಹೊಲಗಳಿಂದ ಲಾರಿಗಟ್ಟಲೆ ಈರೋಡಿನ ಮಾರುಕಟ್ಟೆಗೆ ಹೋಗುತ್ತದೆ. ಮನೆ ಬಳಕೆಗೆಂದು ಗೊತ್ತಿರುವ ರೈತರಿಂದ ಬೇಯಿಸಿ ಒಣಗಿಸಿದ ಕೊಂಬು ತಂದು ಮಿಲ್ಲಿನಲ್ಲಿ ಪುಡಿ ಮಾಡಿಸಿಟ್ಟಿದ್ದೆ. ಅಳಿಯಂದಿರಿಗೆ ಅದರ ಮೇಲೆ ಕಣ್ಣು ಬಿತ್ತು. ಪೇಟೆಯ ಬಣ್ಣದಲ್ಲಿ ಕೆಮಿಕಲ್ಲು, ಇದು ಶುದ್ಧ, ಬಾಯಿಗೆ ಹೋದರೂ ಚಿಂತೆಯಿಲ್ಲ, ಫಿಂಗರ್ ಪೇಂಟಿಂಗ್ ಮಾಡೋಣ ಎಂದರು. ಮೈದಾ ಗಂಜಿ ಕಾಯಿಸಿ, ಅರಿಸಿನ ಕಲಸಿ, ಹಳೇ ಕ್ಯಾಲೆಂಡರಿನ ಹಿಂಬದಿ ಹಾಸಿದರು. ಪುಟ್ಟಿ ಅಂದು ಅಪರೂಪಕ್ಕೆ ಮನಸ್ಸಿಟ್ಟು ಆಡಿತು. ಮೊದಲು ಕಾಗದದ ಮೇಲೆ ಒಂದು ಬೆರಳು, ಆಮೇಲೆ ಅಂಗೈ, ಆಮೇಲೆ ಎರಡೂ ಅಂಗೈ, ಆಮೇಲೆ ಗೋಡೆ. ಗೋಡೆಯ ಪಕ್ಕದಲ್ಲಿ, ಚಾಮರಾಜನಗರದ ಮದುವೆಗೆ ಹೊರಟು ಬಿಳಿ ಪಂಚೆ ಉಟ್ಟುಕೊಂಡು ನಾನು ನಿಂತಿದ್ದೆ.

‘ಸೂಪರ್! ಅಲ್ಲಾಡಬೇಡಿ ಮಾವ’ ಎಂದು ಅಳಿಯಂದಿರು ಫೋಟೋ ತೆಗೆದರು.

ನಾನು ಅಲ್ಲಾಡಲಿಲ್ಲ. ಮಾತೂ ಆಡಲಿಲ್ಲ. ಹೆಂಡತಿ ಕೂಸನ್ನು ಎತ್ತಿಕೊಂಡು ಬಚ್ಚಲಿಗೆ ಓಡಿದಳು. ಕೈಗೆ ಸಿಕ್ಕಿದ್ದು ಬಟ್ಟೆ ಸೋಪು. ಉಜ್ಜಿದಳು ನೋಡಿ, ಹಳದಿ ಇದ್ದ ಎರಡು ಪುಟ್ಟ ಅಂಗೈಯೂ ಕ್ಷಣದಲ್ಲಿ ಕೆಂಪಗಾದವು, ನೀರೂ ಕೆಂಪು. ‘ಅಯ್ಯೋ ನನ್ ಕೂಸೇ! ರಕ್ತ ಕನ್ರೀ! ಬನ್ರೀ ಒಸಿ!’ ಎಂದು ಅವಳು ಕಿರುಚಿದ್ದು ಬೀದಿಗೆಲ್ಲ ಕೇಳಿತು. ಅಜ್ಜಿ ಕಿರುಚಿದ್ದಕ್ಕೆ ಅಲ್ಲಿವರೆಗೂ ನಗುತ್ತಿದ್ದ ಕೂಸು ಕಿರುಚಿತು. ಅಂಗಡಿಯಲ್ಲಿದ್ದ ಗಿರಾಕಿಗಳು ಒಳಗೆ ಬಂದರು. ಒಬ್ಬ ಆಟೋದವನು ಗಾಡಿ ಸ್ಟಾರ್ಟ್ ಮಾಡಿಕೊಂಡು ‘ಸಂತೇಮರಹಳ್ಳಿಗಾ, ಚಾಮ್‌ರಾಜ್‌ನಗ್ರಕ್ಕಾ?’ ಅಂತ ಬಾಗಿಲಲ್ಲಿ ತಯಾರಾದ. ಅಳಿಯಂದಿರು ಮಾತ್ರ ಬಚ್ಚಲ ಬಾಗಿಲಲ್ಲಿ ನಿಂತು ಪರಮಾನಂದದಿಂದ ‘ಇಂಡಿಕೇಟರ್ ಅತ್ತೆ! ಸೋಪು ಕ್ಷಾರ, ಅದಕ್ಕೇ ಕೆಂಪಾಯ್ತು! ಇನ್ನೊಂದ್ಸಲ ಉಜ್ಜಿ, ವಿಡಿಯೋ ಮಾಡ್ತೀನಿ’ ಅನ್ನುತ್ತಿದ್ದಾರೆ.

ಆಗ ಎದುರು ಮನೆಯ ಮುದುಕಿ ಜನರನ್ನು ಸರಿಸಿಕೊಂಡು ಬಂದಳು. ಕೂಸಿನ ಕೈ ಹಿಡಿದು ನೋಡಿ, ಮೂಸಿ, ನನ್ನ ಹೆಂಡತಿಯ ಕಡೆ ತಿರುಗಿ, ‘ಥೂ ನಿನ್ನ, ಓಕುಳಿ ಕನವ್ವ ಇದು. ಆರತಿ ತಟ್ಟಗ ಅರಿಸ್ನ ಸುಣ್ಣ ಕಲಸ್ದೋಳು ನೀನೇ ಅಲ್ವಾ’ ಎಂದಳು. ಹೆಂಡತಿಗೆ ನಾಚಿಕೆಯಾಯಿತು. ಇದೇ ಮಗುವಿನ ನಾಮಕರಣಕ್ಕೆ ಹಿತ್ತಾಳೆ ತಟ್ಟೆಯಲ್ಲಿ ಕೆಂಪು ನೀರು ಮಾಡಿ ದೃಷ್ಟಿ ತೆಗೆದವಳು ಅವಳೇ. ಆಟೋದವನು ನಿರಾಸೆಯಿಂದ ಎಂಜಿನ್ ಆಫ್ ಮಾಡಿದ. ಮುದುಕಿ ಹೋಗುತ್ತಾ ನನ್ನ ಪಂಚೆ ನೋಡಿ, ‘ಒಗೆದು ಬಿಸ್ಲಗ ಹಾಕು, ಸೂರ್ಯ ಹೊತ್ಕೊಂಡು ಹೋಯ್ತನ’ ಅಂದಳು. ಅದೂ ನಿಜವೇ, ಅರಿಸಿನದ ಕಲೆ ಬಿಸಿಲಿಗೆ ನಿಲ್ಲುವುದಿಲ್ಲ. ಆದರೆ ಮದುವೆ ಮುಹೂರ್ತ ಬಿಸಿಲಿಗಾಗಿ ಕಾಯುವುದಿಲ್ಲವಲ್ಲ. ಮಂಡಿಯ ಮೇಲೆ ಎರಡು ಹಳದಿ ಹಸ್ತ ಇಟ್ಟುಕೊಂಡೇ ಧಾರೆಗೆ ಹೋದೆ. ನೋಡಿದವರು ಅದೇನೋ ಹರಕೆ ಅಂದುಕೊಂಡರು, ನಾನೂ ತಿದ್ದಲಿಲ್ಲ.

ಈ ತಳಿಯ ಇನ್ನೊಂದು ಗುಣ ಉಪನ್ಯಾಸ. ರಾತ್ರಿ ಊಟಕ್ಕೆ ಕೂತರೆ ಫ್ರೋಬೆಲ್ ಬರುತ್ತಾನೆ. 1837ರಲ್ಲಿ ಜರ್ಮನಿಯಲ್ಲಿ ಎಳೆಮಕ್ಕಳ ಆಟಕ್ಕೇ ಒಂದು ಸಂಸ್ಥೆ ತೆಗೆದ ಮನುಷ್ಯ, ಮಗುವಿಗೆ ಕೊಡಬೇಕಾದ ಮೊದಲ ಆಟಿಕೆ ಉಲ್ಲನ್ನಿನ ಚೆಂಡು ಎಂದನಂತೆ. ನನ್ನ ಹೆಂಡತಿ ಹಳೇ ಸೀರೆ ಚೂರು ಸುತ್ತಿ ಬಟ್ಟೆ ಚೆಂಡು ಮಾಡಿಕೊಟ್ಟಾಗ ಜರ್ಮನಿಯಲ್ಲಿ ಯಾರೂ ಬರೆದುಕೊಳ್ಳಲಿಲ್ಲ. ಮೊಸರನ್ನದ ಹೊತ್ತಿಗೆ ಮರಿಯಾ ಮಾಂಟೆಸ್ಸರಿ. ಆಕೆ 1907ರಲ್ಲಿ ರೋಮಿನ ಬಡವರ ಕೇರಿಯಲ್ಲಿ ಮಕ್ಕಳ ಮನೆ ಶುರು ಮಾಡಿದ್ದು, 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದದ್ದು, ಮರುವರ್ಷ ಇಟಲಿ ಯುದ್ಧಕ್ಕೆ ಇಳಿದು ಬ್ರಿಟಿಷರ ಕಣ್ಣಿಗೆ ಶತ್ರುದೇಶದವಳಾಗಿ ಇಲ್ಲೇ ಉಳಿಯಬೇಕಾಗಿ ಬಂದದ್ದು, ಕೊಡೈಕೆನಾಲಿನಲ್ಲಿದ್ದುಕೊಂಡು ಪಾಠ ಮಾಡಿದ್ದು. ‘ಆಯಮ್ಮ ಮಕ್ಕಳಿಗೆ ಏನು ಮಾಡಿಸ್ತಿದ್ರಂತೆ?’ ಎಂದು ಹೆಂಡತಿ ಕೇಳಿದಳು. ನೀರು ಸುರಿಯೋದು, ಗುಡಿಸೋದು, ಒರೆಸೋದು, ಗುಂಡಿ ಹಾಕೋದು, ಅಡಿಗೆಗೆ ಸಹಾಯ, ಆಟದ ಸಾಮಾನಲ್ಲ, ನಿಜವಾದ ಸಾಮಾನು, ಎಂದರು. ಹೆಂಡತಿ ಏನೂ ಹೇಳಲಿಲ್ಲ. ಮಾರನೇ ಬೆಳಿಗ್ಗೆ ಮೊರದಲ್ಲಿ ಅವರೆಕಾಯಿ ಸುರಿದುಕೊಂಡು ಕೂತಳು, ಪಕ್ಕದಲ್ಲಿ ಪುಟ್ಟಿ. ಅಜ್ಜಿ ಕಾಯಿ ಸುಲಿದು ಕಾಳನ್ನು ತನ್ನ ಮಡಿಲಿಗೆ ಹಾಕಿಕೊಳ್ಳುವಳು, ಸಿಪ್ಪೆಯನ್ನು ಕೂಸಿಗೆ ಕೊಡುವಳು, ಕೂಸು ಎದ್ದು ಹೋಗಿ ಸಿಪ್ಪೆಯನ್ನು ಮಂಕರಿಗೆ ಹಾಕಿ, ತಾನೇ ಚಪ್ಪಾಳೆ ಹೊಡೆದುಕೊಂಡು ಬರುವುದು. ಮೊರ ಖಾಲಿಯಾಗುವವರೆಗೂ ಇದೇ. ಅಳಿಯಂದಿರು ಮಹಡಿಯಿಂದ ಇಳಿದು ಬಂದು, ಆಫೀಸಿನ ಹೆಡ್‌ಫೋನು ಕೊರಳಲ್ಲೇ ಇಟ್ಟುಕೊಂಡು, ಎಷ್ಟೋ ಹೊತ್ತು ನೋಡಿದರು. ಮೊಬೈಲು ತರಲು ಮರೆತಿದ್ದರು.

ಅಂಗನವಾಡಿ ಟೀಚರ್ ಸಾಮಾನಿಗೆ ಬಂದಾಗ ಅವರನ್ನೂ ಬಿಡಲಿಲ್ಲ. ನಮ್ಮ ಪಕ್ಕದ ತಿ. ನರಸೀಪುರದಲ್ಲೇ 1975ರ ಅಕ್ಟೋಬರ್ 2ರಂದು ಅಂಗನವಾಡಿ ನಡೆಸುವ ಐಸಿಡಿಎಸ್‌ನ ಕರ್ನಾಟಕದ ಮೊದಲ ಯೋಜನೆ ಶುರುವಾದದ್ದು ಎಂಬ ವಿಷಯ ಅಳಿಯಂದಿರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಟೀಚರ್ ನಮ್ಮ ಜಗಲಿಯ ಆಕ್ಟಿವಿಟಿ ಸಾಮಾನೆಲ್ಲ ನೋಡಿ, ‘ಒಂದು ಕೂಸಿಗೇ ಇಷ್ಟಾ ಸಾರ್? ನನ್ಹತ್ರ ಒಂದು ರೂಮು ತುಂಬ ಅವೆ’ ಎಂದರು. ಆಮೇಲೆ ಚೀಲ ಕೆಳಗಿಟ್ಟು, ಪುಟ್ಟಿಯ ಎರಡು ಅಂಗೈ ನೆಲಕ್ಕೆ ಊರಿಸಿ, ಬೆರಳಿಂದ ಬೆರಳಿಗೆ ಮುಟ್ಟುತ್ತಾ ಅವಲಕ್ಕಿ ಪವಲಕ್ಕಿ ಆಡಿಸಿದರು. ಕೂಸು ಕೇಕೆ ಹಾಕಿ ಮತ್ತೆ ಮತ್ತೆ ಕೈ ಊರಿತು. ‘ಇದರ ಲರ್ನಿಂಗ್ ಔಟ್‌ಕಮ್ ಏನು ಮೇಡಂ?’ ಅಂದರು ಅಳಿಯಂದಿರು.

‘ನಗೋದು ಸಾರ್’ ಎಂದು ಟೀಚರ್ ಕಾಲು ಕೆಜಿ ಕಾಫಿಪುಡಿ ತೆಗೆದುಕೊಂಡು ಹೋದರು.

ಬೈಯುತ್ತ ಹೊರಟವನಿಗೆ ಇಲ್ಲಿ ಒಂದು ತೊಂದರೆ. ನಾನು ನನ್ನ ಮಗಳನ್ನು ಎತ್ತಿಕೊಂಡ ನೆನಪೆಂದರೆ ಜಾತ್ರೆಯಲ್ಲಿ ತೇರು ತೋರಿಸಲು ಹೆಗಲ ಮೇಲೆ ಕೂರಿಸಿದ್ದು, ಜ್ವರ ಬಂದಾಗ ಬಸ್ಸಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡದ್ದು. ಅಂಗಡಿ ಮುಚ್ಚಿ ಒಳಗೆ ಬರುವ ಹೊತ್ತಿಗೆ ಅವಳು ನಿದ್ದೆ ಹೋಗಿರುತ್ತಿದ್ದಳು. ನಮ್ಮ ಕಾಲದ ಗಂಡಸರು ಕೂಸಿನ ಜೊತೆ ನೆಲದ ಮೇಲೆ ಕೂತು ಲೋಟದಲ್ಲಿ ನೀರು ಸುರಿದಿದ್ದರೆ ಜನ ನಗುತ್ತಿದ್ದರು, ನಾನೇ ಮೊದಲು ನಗುತ್ತಿದ್ದೆ. ಅಳಿಯಂದಿರು ಮಹಡಿ ಮೇಲೆ ಮೀಟಿಂಗಿನಲ್ಲಿರುವಾಗಲೂ ಪುಟ್ಟಿ ಮೆಟ್ಟಿಲ ಬುಡದಲ್ಲಿ ನಿಂತು ‘ಅಪ್ಪಾ, ಆತ್ತಿವಿತಿ’ ಎಂದು ಕೂಗುತ್ತದೆ. ಅದು ಕೂಗುವುದು ಅಕ್ಕಿಗೂ ಅಲ್ಲ, ರವೆಗೂ ಅಲ್ಲ. ಇದನ್ನು ಅವರಿಗೆ ಹೇಳಿಲ್ಲ. ಹೇಳಿದರೆ ಇನ್ನೆರಡು ಸೇರು ಹೋಗುತ್ತದೆ.

ಆದರೂ ನನಗೂ ಛಲ ಇತ್ತು. ಪಕ್ಕದ ಮನೆಯ ಮೆದೆಯಿಂದ ಎರಡು ಒಣ ಜೋಳದ ದಂಟು ಎಳೆದುಕೊಂಡು ಬಂದೆ. ದಂಟಿನ ಹೊರಗಿನ ಸಿಪ್ಪೆಯನ್ನು ಸೀಳಿ ತೆಗೆದರೆ ಒಳಗೆ ಬೆಳ್ಳಗಿನ ಬೆಂಡು. ಬೆಂಡನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದರೆ ಚಕ್ರ, ಸಿಪ್ಪೆಯ ಸೀಳು ಚುಚ್ಚಿದರೆ ಅಚ್ಚು, ಉದ್ದನೆಯದು ಮೂಕಿ, ಅಡ್ಡಲಾಗಿ ನೊಗ. ಗೇಣುದ್ದದ ಎರಡು ಬೆಂಡಿಗೆ ನಾಲ್ಕು ನಾಲ್ಕು ಕಡ್ಡಿ ಸಿಕ್ಕಿಸಿದರೆ ಎತ್ತು, ಮೇಲೆರಡು ಕಡ್ಡಿ ಬಾಗಿಸಿದರೆ ಕೊಂಬು. ಸಿಪ್ಪೆಯ ಅಂಚು ಬ್ಲೇಡು ಇದ್ದ ಹಾಗೆ, ಹೆಬ್ಬೆರಳು ಕುಯ್ದುಕೊಂಡಿತು, ಅಳಿಯಂದಿರಿಗೆ ಕಾಣದಂತೆ ಪಂಚೆಗೆ ಒರೆಸಿದೆ. ನನ್ನ ಕೈಗೆ ಅದೆಲ್ಲ ಇನ್ನೂ ನೆನಪಿತ್ತು. ಗಾಡಿ ಕಟ್ಟಿ ದಾರ ಕಟ್ಟಿ ಕೂಸಿನ ಮುಂದಿಟ್ಟು, ಅಳಿಯಂದಿರ ಕಡೆ ಒಮ್ಮೆ ನೋಡಿ, ಎಳೆದು ತೋರಿಸಿದೆ. ಪುಟ್ಟಿ ಗಾಡಿಯನ್ನು ಎತ್ತಿತು. ಒಂದು ಚಕ್ರ ಕಿತ್ತಿತು. ಎಡಗಡೆ ಎತ್ತಿನ ತಲೆಯನ್ನು ಬಾಯಿಗಿಟ್ಟಿತು.

‘ಹಿಂಗಲ್ಲ ಕೂಸೇ, ಹಿಂಗೆ’ ಎಂದು ನಾನು ಅದರ ಕೈಯಿಂದ ದಾರ ಕಿತ್ತುಕೊಂಡೆ.

ಅಳಿಯಂದಿರು ಕೆಮ್ಮಿದರು. ಆಮೇಲೆ ಬಹಳ ವಿನಯದಿಂದ ಜೇಬಿನಿಂದ ಕೊಳವೆ ತೆಗೆದು ಬೆಂಡಿನ ಚಕ್ರವನ್ನು ಒಳಗೆ ಬಿಟ್ಟರು. ಸಲೀಸಾಗಿ ಇಳಿಯಿತು. ‘ನಪಾಸು ಮಾವ’ ಎಂದರು.

ಈಗ ಅವರು ಬೆಂಗಳೂರಿಗೆ ಹೋಗಿದ್ದಾರೆ. ಮೊನ್ನೆ ಫೋನು ಬಂತು. ಜೋಳದ ಗಾಡಿಯ ಫೋಟೋ ನೋಡಿ ಅವರ ಅಪಾರ್ಟ್‌ಮೆಂಟಿನ ಅಪ್ಪಂದಿರೆಲ್ಲ ಬೆನ್ನು ಬಿದ್ದಿದ್ದಾರಂತೆ, ದೊಡ್ಡ ಮಕ್ಕಳಿಗೆ ಕಾರ್ಯಾಗಾರ ಇಟ್ಟಿದ್ದಾರಂತೆ. ‘ಆ ಕಡ್ಡಿ ಆನ್‌ಲೈನಲ್ಲಿ ಹುಡುಕಿದೆ ಮಾವ, ಸಿಗ್ತಿಲ್ಲ. ಒಂದಿಪ್ಪತ್ತು ಕಟ್ಟು ಕಳಿಸೋಕಾಗುತ್ತಾ?’ ಎಂದರು. ನಮ್ಮೂರಿನಲ್ಲಿ ದನ ತಿಂದು ಬಿಟ್ಟದ್ದು ಎಂದು ನಾನು ಹೇಳಲಿಲ್ಲ. ವಿಚಾರಿಸಿ ಹೇಳುತ್ತೇನೆ, ಸೀಸನ್ ಅಲ್ಲ, ಸ್ವಲ್ಪ ದುಬಾರಿಯಾಗಬಹುದು ಎಂದಿದ್ದೇನೆ. ಒಂದು ಕಟ್ಟಿಗೆ ಎಷ್ಟು ರೇಟು ಹಾಕಬೇಕೆಂದು ಇನ್ನೂ ತೀರ್ಮಾನಿಸಿಲ್ಲ. ಅಕ್ಕಿ, ರವೆ, ಸಬ್ಬಕ್ಕಿ, ಒಂದು ಪಂಚೆ, ಎಲ್ಲ ಸೇರಿಸಿ ನೋಡುತ್ತಿದ್ದೇನೆ.