ಪುಟ್ಟಿತಾತ

ಆನೆಗೊಂದಿಯಿಂದ ಸಾಣಾಪುರದವರೆಗೆ ಯಾವ ಘಟ್ಟಕ್ಕೆ ಹೋದರೂ ಅಲ್ಲೊಬ್ಬ ಪುಟ್ಟಿತಾತ ಸಿಗುತ್ತಾನೆ. ಹರಿಗೋಲಿಗೆ ನಮ್ಮ ಕಡೆ ಪುಟ್ಟಿ ಅಂತಾರೆ. ಬಿದಿರ ಬುಟ್ಟಿಯೇ ದೊಡ್ಡದಾಗಿ ಹೊಳೆಗಿಳಿದಂತೆ. ತಾತನ ಗುರುತು ಸುಲಭ: ತಲೆಗೆ ಟವೆಲ್ಲು, ಉಗುರಿನ ಸಂದಿಯಲ್ಲಿ ಡಾಂಬರು, ಕುಂಡಿಯ ಕೆಳಗೆ ಲೈಫ್ ಜಾಕೆಟ್. ಮೈಗೆ ಹಾಕಿಕೋ ಎಂದರೆ, "ಇಲ್ಲೇ ಮೆತ್ತಗೈತಿ" ಅನ್ನುತ್ತಾನೆ.

ಕಡೇಬಾಗಿಲು–ಬುಕ್ಕಸಾಗರದ ನಡುವೆ ಸೇತುವೆಯಾದ ಮೇಲೆ ಹೊಳೆ ದಾಟುವವರು ಕಡಿಮೆಯಾಗಿ, ಮೋಜಿಗೆ ಬರುವವರೇ ಗಿರಾಕಿಗಳು. ಅವರಿಗೆಂದು ಮೊಮ್ಮಗ ಫೈಬರ್ ಪುಟ್ಟಿ ತಂದ. ತಾತ ಅದರ ತಳಕ್ಕೆ ಬೆರಳಿಂದ ಬಡಿದು, "ಸಿಂಟೆಕ್ಸ್ ಮುಚ್ಚಳ ಅಲ್ಲೇನಲೇ ಇದು?" ಎಂದ.

ಹಳೆಯದು ಜಿನುಗಿದ ನೀರು ಕುಡಿದು ಭಾರವಾಗಿ, ಹೇಳಿದ ಮಾತು ಕೇಳುತ್ತಿತ್ತು. ಮುಂದೆ ಕುಕ್ಕರುಗಾಲಲ್ಲಿ ಕೂತು ಹುಟ್ಟಿನಿಂದ ನೀರನ್ನು ತನ್ನತ್ತ ಎಳೆದುಕೊಂಡರೆ ಒಂದು ಮಾರು ಮುಂದೆ. ಹೊಸದಕ್ಕೆ ಮೈ ಹಗುರ, ತಳ ನುಣುಪು. ಹಳೇ ರಟ್ಟೆಯ ಲೆಕ್ಕದಲ್ಲೇ ತಾತ ಒಂದು ಎಳೆತ ಎಳೆದ. ಪುಟ್ಟಿ ಬುಗುರಿಯಂತೆ ತಿರುಗಿತು. ತಡೆಯಲು ಇನ್ನೊಂದು ಎಳೆದ, ಉಲ್ಟಾ ತಿರುಗಿತು. ಒಳಗಿದ್ದ ಬೆಂಗಳೂರಿನ ನಾಲ್ವರು ಕೇಕೆ ಹಾಕಿ "ಇನ್ನೊಂದ್ಸಲ ತಾತಾ!" ಎಂದರು. ಇಳಿಯುವಾಗ ಭಕ್ಷೀಸು ಬೇರೆ. ತಾತನಿಗೆ ಇದಕ್ಕಿಂತ ಅವಮಾನ ಇನ್ನೇನಿದೆ? "ತಿರುಗದಂಗ ದಾಟಿಸೂದು ಕಲಿಯಾಕ ನನಗ ಹತ್ತು ವರ್ಷ ಹಿಡೀತು. ತಿರುಗಿಸಿದ್ದಕ್ಕ ರೊಕ್ಕ ಕೊಡ್ತಾರಲ್ಲೋ!"

1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ಡೊಮಿಂಗೊ ಪಾಯಸ್ ಆನೆಗೊಂದಿಯ ಪುಟ್ಟಿಗಳನ್ನು ಕಂಡು ಬರೆದಿಟ್ಟಿದ್ದಾನೆ: ಬುಟ್ಟಿಯಂತೆ ದುಂಡಗಿವೆ, ಹೊರಗೆ ಚರ್ಮ ಹೊದಿಸಿದೆ, 15–20 ಜನ ಹಿಡಿಸುತ್ತಾರೆ, ಆದರೆ ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತವೆ ಎಂದು. ಇದನ್ನು ಓದಿ ಹೇಳಿದರೆ ತಾತ ಒಪ್ಪಲಿಲ್ಲ. "ಅವಂಗ ಯಾವನೋ ಹೊಸಬ ಗಂಟು ಬಿದ್ದಾನ."

ಆ ಚರ್ಮ ಎಲ್ಲಿ ಹೋಯಿತು ಅಂತ ಮಾತ್ರ ಕೇಳಬಾರದು. ತಾತ "ಅಸಲಿ" ಎಂದು ಆಣೆ ಮಾಡುವ ಪುಟ್ಟಿಗೆ ಸುತ್ತಿರುವುದು ಗೊಬ್ಬರದ ಪ್ಲಾಸ್ಟಿಕ್ ಚೀಲ, ಮೇಲೆ ಡಾಂಬರು. ಅದನ್ನು ಮೊದಲ ಸಲ ಹೊಳೆಗಿಳಿಸಿದಾಗ ಅವನಪ್ಪ ಮೂರು ದಿನ ಮಾತು ಬಿಟ್ಟಿದ್ದನಂತೆ. ಡಾಂಬರಿನ ಬಿರುಕಲ್ಲಿ 'ಯೂರಿಯಾ' ಅನ್ನೋ ಅಕ್ಷರ ಈಗಲೂ ಇಣುಕುತ್ತದೆ. ಅದರ ಮೇಲೆ ಕಾಲಿಟ್ಟುಕೊಂಡೇ ತಾತ ಪರಂಪರೆಯ ಮೇಲೆ ಭಾಷಣ ಬಿಗಿಯುತ್ತಾನೆ.

ಮೊಮ್ಮಗ ಸಮಾಧಾನಕ್ಕೆಂದು ಮೊಬೈಲಿನಲ್ಲಿ ವಿಂಡ್‌ಸರ್ಫಿಂಗ್ ತೋರಿಸಿದ. ಹಲಗೆಯ ಮೇಲೆ ನಿಂತು ಹಾಯಿ ಹಿಡಿದು ಗಾಳಿಗೆ ಓಡುವ ಈ ಆಟ 1984ರಲ್ಲಿ ಒಲಿಂಪಿಕ್ಸ್ ಸೇರಿತು. ಅಲ್ಲೂ ಇದೇ ಗೋಳು. ಉದ್ದ ಹಲಗೆಯಲ್ಲಿ ಪಳಗಿದವರಿಗೆ ಗಿಡ್ಡನೆಯ ಅಗಲ ಹಲಗೆ ಬಂತು. ಅದಕ್ಕೆ ಕಾಲು ಒಗ್ಗಿಸಿಕೊಂಡರು ಅನ್ನುವಷ್ಟರಲ್ಲಿ, 2024ರ ಪ್ಯಾರಿಸ್ ಒಲಿಂಪಿಕ್ಸಿಗೆ ಐಕ್ಯೂಫಾಯಿಲ್ ಎಂಬುದು ಬಂತು. ಅದರ ತಳದಲ್ಲೊಂದು ರೆಕ್ಕೆ. ವೇಗ ಏರಿದರೆ ಹಲಗೆ ನೀರು ಬಿಟ್ಟು ಮೇಲೆದ್ದೇ ಓಡುತ್ತದೆ.

ತಾತ ಬಹಳ ಹೊತ್ತು ನೋಡಿದ. "ನೀರು ಮುಟ್ಟಂಗಿಲ್ಲ ಅಂದ್ರ ನೀರಿಗ್ಯಾಕ ಬರಬೇಕೋ?"

"ನಮ್ಮ ಸಾಣಾಪುರದ ಕೆರ್‍ಯಾಗೂ ಒಂದು ತರೋಣೇನು ತಾತ?"

"ಹಾಯಿಗೆ ಗಾಳಿ ಬೇಕಲ್ಲಪಾ. ಇದ್ದಬಿದ್ದ ಗಾಳೀನೆಲ್ಲ ಕುಷ್ಟಗಿ, ಯಲಬುರ್ಗಾದಾವ್ರು ಕರೆಂಟಿನ ಫ್ಯಾನಿಗೆ ಹಚ್ಚ್ಯಾರ. ಅವ್ರಿಗೆ ನೀರಿಲ್ಲ, ನಮಗ ಗಾಳಿಲ್ಲ. ಕೊಪ್ಪಳದಾಗ ಡಿಸಿ ಸಾಹೇಬ್ರು ಎರಡೂ ಕೂಡಿಸಿ ಕೊಟ್ರ ನೋಡೋಣು."

ಹದಿನೈದು ದಿನ ಫೈಬರಿನ ಕಡೆ ತಾತ ತಿರುಗಿ ನೋಡಲಿಲ್ಲ. ಆಮೇಲೊಂದು ಬೆಳಗ್ಗೆ ನೋಡಿದರೆ, ಹೊಸ ಪುಟ್ಟಿಯ ಒಳಗೂ ಹೊರಗೂ ಎರಡು ಡಬ್ಬಿ ಡಾಂಬರು ಮೆತ್ತಿ ಬಿಸಿಲಿಗೆ ಬೋರಲು ಹಾಕಿದ್ದ. ಮೊಮ್ಮಗ ತಲೆ ಚಚ್ಚಿಕೊಂಡ. ಡಾಂಬರಿನ ತೂಕಕ್ಕೋ, ಈ ಹದಿನೈದು ದಿನ ಯಾರಿಗೂ ಕಾಣದಂತೆ ನಸುಕಿನಲ್ಲಿ ಅಭ್ಯಾಸ ಮಾಡಿದ್ದಕ್ಕೋ, ಅದೀಗ ತಾತನ ಕೈಯಲ್ಲಿ ನೆಟ್ಟಗೆ ಹೋಗುತ್ತದೆ. "ವಾಸನಿ ಇರ್ಲಿಲ್ಲ ನೋಡು, ಹೊಳಿಗೆ ಗುರುತು ಹತ್ತಿರ್ಲಿಲ್ಲ" ಅನ್ನೋದು ಅವನ ವಿವರಣೆ.

ಸಾಣಾಪುರಕ್ಕೆ ಹೋದಾಗ ಡಾಂಬರು ಬಳಿದ ಫೈಬರ್ ಪುಟ್ಟಿ ಕಂಡರೆ ಧೈರ್ಯವಾಗಿ ಹತ್ತಿ. ಬಿಳಿ ಪ್ಯಾಂಟು ಮಾತ್ರ ಹಾಕಿಕೊಂಡು ಹೋಗಬೇಡಿ.