ಪಲ್ಯೋದ್ಧಾರಕ ರಾಯರು

ಶಾಖೋಪಶಾಖೆಗಳಾಗಿ ಬೆಳೆದ ಪ್ರತಿಯೊಂದು ಕುಟುಂಬದಲ್ಲಿಯೂ ಜಾತಕ ನೋಡಬಲ್ಲವರೊಬ್ಬರು, ದಾಯಾದಿಗಳ ವ್ಯಾಜ್ಯ ತೀರಿಸಬಲ್ಲವರೊಬ್ಬರು, ಮದುವೆಯ ಮನೆಯಲ್ಲಿ ಉಗ್ರಾಣದ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುವವರೊಬ್ಬರು ಇರುವಂತೆಯೇ, ಹಬ್ಬದ ಅಡುಗೆಯನ್ನು ತಿದ್ದಲೆಂದೇ ಅವತರಿಸಿದ ಮಹನೀಯರೊಬ್ಬರೂ ಇದ್ದೇ ಇರುತ್ತಾರೆ. ಇವರು ಸಾಮಾನ್ಯವಾಗಿ ಯಾವುದಾದರೊಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ದಶಕಗಳ ಕಾಲ ಅನ್ಯರ ಬರಹದಲ್ಲಿ ತಪ್ಪು ಹುಡುಕಿ ನಿವೃತ್ತರಾದವರು. ಆ ಶಕ್ತಿಗೆ ಬೇರೆ ಉದ್ಯೋಗವಿಲ್ಲದ ಕಾರಣ, ಭಾದ್ರಪದ ಮಾಸವು ಸಮೀಪಿಸುತ್ತಲೇ ಅದು ಅಡುಗೆಯ ಮನೆಯ ಕಡೆಗೆ ತಿರುಗುವುದು. ತಿರುಗುವುದೇನೋ ನಿಜ, ಆದರೆ ಹೊಸ್ತಿಲಿನವರೆಗೆ ಮಾತ್ರ. ಒಳಗೆ ಮಡಿ, ಮಡಿಯನ್ನು ಮುಟ್ಟಲಾಗದೆಂಬ ನಿಯಮವು ರಾಯರ ಪಾಲಿಗೆ ಎಂಥ ಅನುಕೂಲವಾದ ಧರ್ಮವೆಂಬುದನ್ನು ಅವರ ಮನೆಯ ಹೆಂಗಸರು ಚೆನ್ನಾಗಿ ಬಲ್ಲರು.

ಪಾಯಸದ ವಿಷಯದಲ್ಲಿ ರಾಯರಿಗೆ ತಕರಾರಿಲ್ಲ. ಕಡುಬು, ಅಂಬೊಡೆಗಳು ಅವರ ದೃಷ್ಟಿಯಲ್ಲಿ ವಿಮರ್ಶಾತೀತವಾದುವು. ಅವರ ವೈರವೆಲ್ಲ, ಎಲೆಯ ಮೇಲಂಚಿನಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿಗಳ ನೆರೆಯಲ್ಲಿ ಬಡಿಸುವ ಹುರುಳಿಕಾಯಿ ಪಲ್ಯದ ಮೇಲೆ ಮತ್ತು ಅದರ ಸೋದರನೆನಿಸಿದ ಎಲೆಕೋಸಿನ ಪಲ್ಯದ ಮೇಲೆ. ನ್ಯಾಯವಾಗಿ ಹೇಳುವುದಾದರೆ ಅವರ ಪಕ್ಷವು ದುರ್ಬಲವಾದುದಲ್ಲ. ಹಬ್ಬದ ಪಲ್ಯವು ಸೂರ್ಯೋದಯದ ಸುಮಾರಿಗೆ ಒಲೆಯಿಂದಿಳಿಯುವುದು; ನೈವೇದ್ಯಕ್ಕೆ ಮೊದಲು ನಾಲಗೆಗೆ ತಾಕಿಸುವಂತಿಲ್ಲವಾದ್ದರಿಂದ ಉಪ್ಪಿನ ಹೊಣೆಯನ್ನೆಲ್ಲ ದೈವವೇ ಹೊರಬೇಕು; ಈರುಳ್ಳಿ ಬೆಳ್ಳುಳ್ಳಿಗಳ ಸಹಾಯ ನಿಷಿದ್ಧ; ಆ ಮೇಲೆ ಷೋಡಶೋಪಚಾರ ಮುಗಿದು, ಸ್ಯಮಂತಕೋಪಾಖ್ಯಾನವನ್ನು ಕೇಳಿ, ಮಂಗಳಾರತಿಯಾಗಿ, ಬರಬೇಕಾದ ನೆಂಟರೊಬ್ಬರು ಇನ್ನೂ ಬಂದಿಲ್ಲವೆಂದು ಕಾದು, ಎಲೆ ಹಾಕುವ ವೇಳೆಗೆ ಮಧ್ಯಾಹ್ನ ಎರಡು ಗಂಟೆ. ಅಷ್ಟರಲ್ಲಿ ಹುರುಳಿಕಾಯಿಯು ತನ್ನ ಹಸುರನ್ನೂ, ತೆಂಗಿನತುರಿಯು ತನ್ನ ಸಿಹಿಯನ್ನೂ, ಒಗ್ಗರಣೆಯ ಉದ್ದಿನಬೇಳೆಯು ತನ್ನ ಗರಿಯನ್ನೂ ಕಳೆದುಕೊಂಡು, ಮೂರೂ ಪರಸ್ಪರ ಪರಿಚಯವಿಲ್ಲದವರಂತೆ ಎಲೆಯ ಮೇಲೆ ಬಂದು ಕುಳಿತುಕೊಳ್ಳುವುವು. ಕೋಸಿನ ವಾಸನೆಯ ಪ್ರಸ್ತಾಪವನ್ನು ಹಬ್ಬದ ದಿನ ಮಾಡದಿರುವುದು ಲೇಸು.

ಇಷ್ಟು ಹೇಳಿ ನಿಲ್ಲಿಸಿದ್ದರೆ ಯಾರೂ ಎದುರು ಹೇಳುತ್ತಿರಲಿಲ್ಲ. ಆದರೆ ನಮ್ಮ ರಾಯರು ಇತಿಹಾಸಪ್ರಿಯರು. ಹುರುಳಿಕಾಯಿಯ ಮೂಲಸ್ಥಾನ ಅಮೆರಿಕ ಖಂಡವೆಂದೂ, ಎಲೆಕೋಸು ಯೂರೋಪಿನದೆಂದೂ, ಶ್ರಾದ್ಧದ ಅಡುಗೆಗೆ ಇವೆರಡನ್ನೂ ಇಂದಿಗೂ ಒಳಗೆ ಬಿಡದಿರುವುದೇ ಇವುಗಳ ಪರಕೀಯತೆಗೆ ಸಾಕ್ಷಿಯೆಂದೂ ಅವರು ತೂಗುಮಣೆಯ ಮೇಲೆ ಕುಳಿತು ಪ್ರತಿಪಾದಿಸುವರು. ಪಿತೃಗಳಿಗೆ ಸಲ್ಲದ್ದು ದೇವರಿಗೆ ಹೇಗೆ ಸಂದಿತು? ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ಷಟ್ಪದಿಯಲ್ಲಿ ರಚಿಸಿದ ‘ಸೂಪಶಾಸ್ತ್ರ’ವೆಂಬ ಗ್ರಂಥವು ಬದನೆ, ಬಾಳೆ, ಹಲಸುಗಳನ್ನು ಅಷ್ಟು ವಿಸ್ತಾರವಾಗಿ ಸತ್ಕರಿಸಿರುವಾಗ, ಆ ಸಂಪತ್ತನ್ನೆಲ್ಲ ಬದಿಗಿರಿಸಿ, ಹೊರಗಿನಿಂದ ಬಂದ ಸಪ್ಪೆ ಕಾಯಿಗೆ ಸನಾತನದ ಪಟ್ಟ ಕಟ್ಟಿದವರಾರು? ವಾಗ್ಝರಿಯು ಈ ಮಟ್ಟವನ್ನು ಮುಟ್ಟಿದಾಗ ಒಳಗಿನಿಂದ ಅವರ ಧರ್ಮಪತ್ನಿಯ ಧ್ವನಿ ಕೇಳಿಬರುವುದುಂಟು.

“ಮಂಗರಸರ ಕಾಲಕ್ಕೆ ಒಣಮೆಣಸಿನಕಾಯಿನೂ ಇರ್ಲಿಲ್ಲ ಅಂತ ನೀವೇ ಹೋದ್ವರ್ಷ ಹೇಳಿದ್ರಲ್ಲ. ನಾಳೆ ಹುಳಿಗೆ ಏನ್ ಹಾಕ್ಲಿ, ಅದನ್ನೂ ಅವರನ್ನೇ ಕೇಳ್ಕೊಂಡು ಬನ್ನಿ.”

1498ರಲ್ಲಿ ವಾಸ್ಕೋ ಡ ಗಾಮನು ಕಲ್ಲಿಕೋಟೆಯ ಬಳಿ ಬಂದಿಳಿದ ತರುವಾಯ ಪೋರ್ಚುಗೀಸರ ಹಡಗುಗಳೊಡನೆ ಮೆಣಸಿನಕಾಯಿಯೂ ನಮ್ಮ ದೇಶಕ್ಕೆ ಬಂದಿತೆಂಬುದನ್ನು ರಾಯರು ನಿಜವಾಗಿಯೂ ಹೇಳಿದ್ದರು. ಆ ಕ್ಷಣಕ್ಕೆ ಅವರು ಇತಿಹಾಸವನ್ನು ಕೈಬಿಟ್ಟು ಭೂಗೋಳವನ್ನು ಆಶ್ರಯಿಸುವರು. ಬೀದರ್, ಕಲಬುರಗಿಯ ಸೀಮೆಯಲ್ಲಿ ಎಳ್ಳಮಾವಾಸ್ಯೆಯ ದಿನ ಹೊಲದ ಕಾಳು, ಕಾಯಿ, ಸೊಪ್ಪುಗಳನ್ನೆಲ್ಲ ಒಂದೇ ಪಾತ್ರೆಯಲ್ಲಿ ಕೂಡಿಸಿ ಬೇಯಿಸುವ ಭಜ್ಜಿಯ ವೈಭವವೇನು, ಮಳೆಗಾಲದ ಕರಾವಳಿಯಲ್ಲಿ ಕೆಸುವಿನೆಲೆಯ ಪತ್ರೊಡೆಯೇನು, ವಾದಿರಾಜರ ಅನುಗ್ರಹದಿಂದ ಬಂದಿತೆಂದು ಉಡುಪಿಯವರು ನಂಬುವ ಮಟ್ಟುಗುಳ್ಳವೆಂಬ ಬದನೆಯ ಗೌರವವೇನು! ಇವನ್ನೆಲ್ಲ ಅವರು ತಿಂದಿರುವುದು ಅನ್ಯರ ಮನೆಯಲ್ಲಿ, ಬೇರೊಬ್ಬರು ಮಾಡಿ ಬಡಿಸಿದಾಗ. (ಮಾಧ್ವರ ಮನೆಗಳಲ್ಲಿ ಚಾತುರ್ಮಾಸ್ಯದ ಮೊದಲ ತಿಂಗಳು ಶಾಕವ್ರತ; ತರಕಾರಿಯೇ ಇಲ್ಲ. ರಾಯರಂಥವರು ಅಲ್ಲಿ ವರ್ಷದಲ್ಲಿ ಒಂದು ತಿಂಗಳಾದರೂ ಮೌನದಿಂದಿರುವರೆಂದು ಕೇಳಿದ್ದೇನೆ.)

ಕೇವಲ ಉಪದೇಶಕರಾಗಿದ್ದರೆ ಇವರಿಂದ ಯಾರಿಗೂ ಕೇಡಿರಲಿಲ್ಲ. ಆದರೆ ಗೌರಿಯ ಹಬ್ಬದ ಹಿಂದಿನ ಸಂಜೆ ಚೀಲ ಹಿಡಿದು ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋಗಿ, ಭಾದ್ರಪದದಲ್ಲಿ ಎಳೆಯ ಹಲಸಿನಕಾಯಿಯನ್ನು ಕೇಳಿ ವ್ಯಾಪಾರಿಯನ್ನು ತಬ್ಬಿಬ್ಬುಮಾಡಿ, ಕಡೆಗೆ ಮೊಳದುದ್ದದ ಬಾಳೆದಿಂಡು, ಎರಡು ಬಾಳೆಹೂ, ಮಣ್ಣು ಮೆತ್ತಿದ ಒಂದು ಭಾರಿ ಸುವರ್ಣಗೆಡ್ಡೆ ಇವುಗಳೊಡನೆ ರಾತ್ರಿ ಎಂಟು ಗಂಟೆಗೆ ಹಿಂದಿರುಗಿ, ಅವನ್ನು ಹೊಸ್ತಿಲ ಆಚೆಗೆ ದಾಟಿಸಿ, ಕೈಕಾಲು ತೊಳೆದು ಮತ್ತೆ ತೂಗುಮಣೆಯನ್ನೇರುವರು. ಒಳಗೆ ಆಗ ಏನು ನಡೆಯುವುದೆಂಬುದನ್ನು ಬಲ್ಲವರೇ ಬಲ್ಲರು. ಬಾಳೆಹೂವಿನ ಕೆಂಪು ಎಸಳನ್ನೆತ್ತಿ, ಅದರಡಿಯ ಸಾಲಿನ ಒಂದೊಂದು ಪುಟ್ಟ ಹೂವಿನಿಂದಲೂ ಬೇಯದ ಗಡುಸು ಕಡ್ಡಿಯನ್ನು ಕಿತ್ತು, ಹೆಚ್ಚಿದೊಡನೆಯೇ ಮಜ್ಜಿಗೆ ನೀರಿಗೆ ಹಾಕಬೇಕು. ತಡವಾದರೆ ಅದು ಕಪ್ಪು, ತಡವಾಗದಿದ್ದರೂ ಕೈ ಕಪ್ಪು. ದಿಂಡನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ಪ್ರತಿ ಬಿಲ್ಲೆಗೂ ನಡುವೆ ಎಳೆಯುವ ನಾರನ್ನು ಬೆರಳಿಗೆ ಸುತ್ತಿ ತೆಗೆಯಬೇಕು. ಸುವರ್ಣಗೆಡ್ಡೆಯದು ಇನ್ನೊಂದು ಪ್ರಕಾರ: ಈಳಿಗೆಮಣೆಯ ಮುಂದೆ ಕುಳಿತ ಸೊಸೆಯು ಕೈಗೆ ಎಣ್ಣೆ ಹಚ್ಚಿಕೊಂಡಿದ್ದರೂ ಮೊಣಕೈಯವರೆಗೆ ತುರಿಕೆ, ಅವಳು ಹುಣಸೆಯ ನೀರಿನಲ್ಲಿ ಕೈ ಅದ್ದುತ್ತಿರುವಾಗ, ಆ ತುರಿಕೆಗೆ ಕಾರಣವಾದ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳನ್ನು ಕುರಿತು ಹೊರಗಿನಿಂದ ಒಂದು ಲಘು ಉಪನ್ಯಾಸ ನಡೆದಿರುತ್ತದೆ.

“ಗೊತ್ತಾಯ್ತೇನಮ್ಮ?” ಎಂದು ರಾಯರು ಕೇಳುವರು.

“ಗೊತ್ತಾಗ್ತಾ ಇದೆ ಮಾವ,” ಎಂದು ಸೊಸೆ ಉತ್ತರಿಸುವಳು.

ಇಷ್ಟೆಲ್ಲ ಆದ ಮೇಲೆ ಹುರುಳಿಕಾಯಿಯು ಸಿಂಹಾಸನದಿಂದಿಳಿದಿರಬೇಕೆಂದು ವಾಚಕರು ಊಹಿಸಬಹುದು. ರಾಯರಿಗೆ ವೃದ್ಧಮಾತೆಯೊಬ್ಬರಿದ್ದಾರೆ. “ಮಾಡ್ಲಿ ಬಿಡಪ್ಪ, ಎಲ್ಲಾ ಮಾಡ್ಲಿ. ಆದ್ರೆ ಹುರುಳಿಕಾಯಿ ಪಲ್ಯ ಇಲ್ದಿದ್ರೆ ಎಲೆ ಬೋಳುಬೋಳಾಗಿ ಕಾಣತ್ತೆ,” ಎಂದು ಅವರು ಅಪ್ಪಣೆ ಕೊಡಿಸುವರು. ಹಲ್ಲುಗಳಿಲ್ಲದ ಕಾರಣ ಆ ಪಲ್ಯವನ್ನು ಅವರು ತಿಂದು ಬಹುಕಾಲವಾಯಿತು. ಅವರಿಗೆ ಬೇಕಾದುದು ಅದರ ರುಚಿಯಲ್ಲ, ಎಲೆಯ ಮೇಲೆ ಅದರ ಉಪಸ್ಥಿತಿ. ಹೀಗೆ ನಮ್ಮ ಮನೆಗಳಲ್ಲಿ ಸುಧಾರಣೆಯೆಂಬುದು ಹಳೆಯದನ್ನು ತೆಗೆಯದೆ ಹೊಸದನ್ನು ಸೇರಿಸುವ ಕ್ರಮವಾಗಿದ್ದು, ಹಬ್ಬದಿಂದ ಹಬ್ಬಕ್ಕೆ ಎಲೆಯ ಮೇಲಂಚು ಕಿಕ್ಕಿರಿಯುತ್ತ, ಅನ್ನಕ್ಕೆ ಸ್ಥಳ ಸಾಲದಾಗುತ್ತದೆ.

ಊಟದ ಸಮಯದಲ್ಲಿ ನಡೆಯುವುದಂತೂ ರಾಯರ ಪಾಲಿಗೆ ಘೋರವಾದುದು. ಸುವರ್ಣಗೆಡ್ಡೆಯೂ ಬಾಳೆಹೂವೂ ನಿಜವಾಗಿ ಅಮೋಘವಾಗಿರುತ್ತವೆ. ಈ ವಿಷಯದಲ್ಲಿ ಅವರ ಅಭಿರುಚಿಯನ್ನು ನಾನು ಮನಸಾರೆ ಅನುಮೋದಿಸುತ್ತೇನೆ. ಆದುದರಿಂದ ಅವು ಎರಡನೆಯ ಪಂಕ್ತಿಗೆ ಉಳಿಯುವುದಿಲ್ಲ. ರಾಯರು ಹಿರಿಯರಾಗಿ, ಎಲ್ಲರನ್ನೂ ಉಪಚರಿಸಿ ಕುಳಿತುಕೊಳ್ಳುವುದು ಎರಡನೆಯ ಪಂಕ್ತಿಯಲ್ಲಿ. ಎಲೆಯಲ್ಲಿ ಏನನ್ನೂ ಬಿಡಬಾರದೆಂಬುದು ಅವರು ಮಕ್ಕಳಿಗೆ ಬೋಧಿಸುತ್ತ ಬಂದ ನೀತಿ. ಆದಕಾರಣ ಇಷ್ಟವಿಲ್ಲದ ಹುರುಳಿಕಾಯಿಯನ್ನು ಮೊದಲೇ ಮುಗಿಸಿ, ನಿರ್ಮಲವಾದ ಮನಸ್ಸಿನಿಂದ ಹುಳಿಯನ್ನಕ್ಕೆ ಕೈಹಾಕೋಣವೆಂದು ಅವರು ಗಬಗಬನೆ ಅದನ್ನು ಖಾಲಿಮಾಡುವರು. ಬಡಿಸುತ್ತಿರುವ ಸೊಸೆಯು ಖಾಲಿಯಾದ ಸ್ಥಳವನ್ನು ಕಂಡು, ಮಾವನವರಿಗೆ ಬಹಳ ಹಿಡಿಸಿದೆಯೆಂದು ಭಾವಿಸಿ, ಅಥವಾ ಹಾಗೆ ಭಾವಿಸಿದವಳಂತೆ ನಟಿಸಿ, ಮತ್ತೆರಡು ಸೌಟು ಬಡಿಸುವಳು. ಪಂಕ್ತಿಯಲ್ಲಿರುವ ಎಲ್ಲರೂ ಇದೇ ಉಪಾಯವನ್ನು ಅನುಸರಿಸುವುದರಿಂದ, ಎಲ್ಲರಿಗೂ ಇದೇ ಗತಿ. ಸಂಜೆಯ ವೇಳೆಗೆ ಪಾತ್ರೆ ಬರಿದಾಗಿರುತ್ತದೆ. ಅದನ್ನು ಕಂಡ ವೃದ್ಧಮಾತೆಯವರು, ಬರುವ ವರ್ಷ ಹುರುಳಿಕಾಯಿಯನ್ನು ಇನ್ನೊಂದು ಸೇರು ಹೆಚ್ಚಾಗಿ ತರಬೇಕೆಂದು ತೀರ್ಮಾನಿಸುವರು.

ವಾಚಕರ ಮನೆಗಳಲ್ಲಿಯೂ ಇಂಥ ರಾಯರಿರುವರೆಂಬುದರಲ್ಲಿ ನನಗೆ ಸಂದೇಹವಿಲ್ಲ. ಅವರೊಡನೆ ವಾದಕ್ಕಿಳಿಯಬೇಡಿರಿ, ವಾದದಲ್ಲಿ ಅವರೇ ಗೆಲ್ಲುವರು, ಮತ್ತು ಅವರು ಹೇಳುವುದು ಬಹುಮಟ್ಟಿಗೆ ಸತ್ಯವೂ ಹೌದು. ಹಬ್ಬದ ಹಿಂದಿನ ರಾತ್ರಿ ಅವರ ಮುಂದೆ ಒಂದು ಮೊರ, ಒಂದು ಪಾತ್ರೆ ಮಜ್ಜಿಗೆ ನೀರು, ಎರಡು ಬಾಳೆಹೂಗಳನ್ನು ಇರಿಸಿ, ದೀಪವನ್ನು ಹತ್ತಿರಕ್ಕೆ ಸರಿಸಿ, ನೀವು ಹೋಗಿ ಮಲಗಿಕೊಳ್ಳಿರಿ.