ಮೋಡದ ನೆತ್ತಿ, ಮೋಡದ ಹೊಟ್ಟೆ

ತಾಳಗುಂದಕ್ಕೆ ಬರುವವರು ಸಾಮಾನ್ಯವಾಗಿ ಮಯೂರನನ್ನು ಹುಡುಕಿಕೊಂಡು ಬರುತ್ತಾರೆ. ಮಯೂರ ಎಂದರೆ 1975ರ ಸಿನಿಮಾದ ರಾಜಕುಮಾರ್. ಪ್ರಣವೇಶ್ವರ ದೇವಸ್ಥಾನದ ಮುಂದಿನ ಕಲ್ಲುಕಂಬದೆದುರು ನಿಂತು, ಕಂಚಿಯಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ನಡೆದ ಜಗಳವನ್ನು ಮಕ್ಕಳಿಗೆ ವಿವರಿಸಿ, ಒಂದು ಸೆಲ್ಫಿ ತೆಗೆದುಕೊಂಡು ಹೊರಡುತ್ತಾರೆ. ಕಂಬ ನಿಲ್ಲಿಸಿದ್ದು ಜಗಳದ ವರದಿಗಲ್ಲ, ಕೆರೆಯ ಸಲುವಾಗಿ. ಮಯೂರನ ವಂಶದ ರಾಜ ಕಾಕುಸ್ಥವರ್ಮ ಇಲ್ಲಿ ಕೆರೆ ತೋಡಿಸಿದ. ಅವನ ಮಗ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಅದನ್ನು ಸಂಸ್ಕೃತದಲ್ಲಿ ಬರೆದ. ಈಗಿನ ಲೆಕ್ಕದಲ್ಲಿ ಅದೊಂದು ಕಾಮಗಾರಿ ಫಲಕ. ಅಂದಾಜು ಮೊತ್ತ, ಗುತ್ತಿಗೆದಾರರ ಹೆಸರು ಇಲ್ಲ. ಹದಿನೈದು ಶತಮಾನವಾದರೂ ಅಕ್ಷರ ಮಾತ್ರ ಉಳಿದಿದೆ.

ಕೆರೆ ತೋಡಿಸುವುದು ರಾಜನ ಕೈಲಿತ್ತು, ತುಂಬಿಸುವುದು ಅವನ ಕೈಲಿರಲಿಲ್ಲ. ಆ ಖಾತೆ ಮೃಗಶಿರ, ಆರಿದ್ರಾ, ಪುನರ್ವಸುಗಳದ್ದು. ಈಗ ಅವುಗಳ ಜೊತೆಗೆ ಇನ್ನೊಂದು ಸೇರಿದೆ: ಇನ್ಸಾಟ್-3ಡಿಆರ್ ಎಂಬ ಹವಾಮಾನ ಉಪಗ್ರಹ. 2016ರ ಸೆಪ್ಟೆಂಬರ್ 8ರಂದು ಶ್ರೀಹರಿಕೋಟಾದಿಂದ ಹೋದದ್ದು. ಸಮಭಾಜಕ ವೃತ್ತದ ಮೇಲೆ, 74 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಅದರ ವಾಸ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಅದೂ ಒಂದು ಸುತ್ತು ಮುಗಿಸುವುದರಿಂದ ನಮ್ಮ ಕಣ್ಣಿಗೆ ಅದು ನಿಂತಲ್ಲೇ ನಿಂತಂತೆ. ಕಣ್ಣಿಗೆ ಕಾಣುವುದಿಲ್ಲ, ಆ ಮಾತು ಬೇರೆ. ಅದಕ್ಕೂ ಮುಂಚೆ ಆ ಜಾಗದಲ್ಲಿ ಇದ್ದದ್ದು 2002ರ ಮೆಟ್‌ಸ್ಯಾಟ್. ಕಲ್ಪನಾ ಚಾವ್ಲಾ ತೀರಿಕೊಂಡ ಮೇಲೆ ಅದಕ್ಕೆ ಕಲ್ಪನಾ-1 ಎಂದು ಹೆಸರಿಟ್ಟರು. ಇವುಗಳ ಲಗಾಮು ಇರುವುದು ನಮ್ಮ ಹಾಸನದ ನಿಯಂತ್ರಣ ಕೇಂದ್ರದಲ್ಲಿ.

ತಾಳಗುಂದ 75 ಡಿಗ್ರಿಯ ಆಸುಪಾಸು. ಹಾಗಾಗಿ ಕೆರೆ ಏರಿಯ ಮೇಲೆ ನಿಂತು ನೇರ ದಕ್ಷಿಣಕ್ಕೆ ತಿರುಗಿ ಕತ್ತೆತ್ತಿದರೆ ಹೆಚ್ಚುಕಡಿಮೆ ಅದರ ಮುಖಕ್ಕೇ ಮುಖ ಕೊಟ್ಟಂತೆ. ದಕ್ಷಿಣ ಯಮನ ದಿಕ್ಕು. ಮಳೆಯ ಸುದ್ದಿ ಬರುವುದೂ ಅಲ್ಲಿಂದಲೇ. ಊರಿನ ಹೆಂಚಿನ ಮೇಲಿನ ಟಿವಿ ಬುಟ್ಟಿಗಳು ಮಾತ್ರ ಅತ್ತ ನೋಡುವುದಿಲ್ಲ. ಎಲ್ಲವೂ ಆಗ್ನೇಯಕ್ಕೆ, ಧಾರಾವಾಹಿ ಬರುವ ದಿಕ್ಕಿಗೆ.

ಅಷ್ಟು ಮೇಲಿಂದ ಏನು ಕಾಣುತ್ತದೆ? ಅರ್ಧ ಗಂಟೆಗೊಮ್ಮೆ ಚಿತ್ರ ಬರುತ್ತದೆ. ರಾತ್ರಿ ಬೆಳಕಿಲ್ಲದಿದ್ದರೂ ಮೋಡದ ನೆತ್ತಿ ಎಷ್ಟು ತಣ್ಣಗಿದೆ ಎಂದು ಶಾಖದ ಕಿರಣದಲ್ಲಿ ಅಳೆಯುತ್ತದೆ. ನೆತ್ತಿ ತಣ್ಣಗಿದ್ದಷ್ಟೂ ಮೋಡ ಎತ್ತರ, ಎತ್ತರವಿದ್ದಷ್ಟೂ ಮಳೆ ಜೋರು ಎಂಬ ಲೆಕ್ಕ. ಮೋಡ ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಎಷ್ಟು ಸರಿದಿದೆ ಎಂದು ನೋಡಿ ಗಾಳಿಯ ವೇಗವನ್ನೂ ತೆಗೆಯುತ್ತಾರೆ. ಆದರೆ ಆ ಶಾಖದ ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ ಸುಮಾರು 4 ಕಿಲೋಮೀಟರ್. ದೇವಸ್ಥಾನ, ಕಂಬ, ಕೆರೆ, ಬದುವಿಗಾಗಿ ಜಗಳವಾಡಿದ ಎರಡು ಗದ್ದೆ, ಎಲ್ಲವೂ ಒಂದೇ ಚುಕ್ಕೆಯೊಳಗೆ ರಾಜಿಯಾಗಿರುತ್ತವೆ.

ಜುಲೈಯಲ್ಲಿ ಫಜೀತಿ ಶುರು. ಘಟ್ಟ ಹತ್ತಿ ಬರುವ ಮುಂಗಾರಿನ ಮೋಡ ಬಹಳಷ್ಟು ಸಲ ಗಿಡ್ಡ. ನೆತ್ತಿ ಬೆಚ್ಚಗೇ ಇರುತ್ತದೆ, ಹೊಟ್ಟೆ ಮಾತ್ರ ಸುರಿಸುತ್ತಲೇ ಇರುತ್ತದೆ. ಆಗ ಶಾಖದ ಲೆಕ್ಕ ತಪ್ಪುತ್ತದೆ, ಘಟ್ಟದ ಮಳೆ ಕಡಿಮೆಯೆಂದು ಕಾಣುತ್ತದೆ. ಸೊರಬದ ಕಡೆ ಕಂಬಳಿಕೊಪ್ಪೆ ಹೊದ್ದು ಸಸಿ ನೆಡುವವರು ಮೋಡವನ್ನು ಕೆಳಗಿನಿಂದ ನೋಡಿದವರು. ಅವರ ವರದಿ ಆ ತಿಂಗಳಲ್ಲಿ ಹೆಚ್ಚು ನಂಬಿಕಸ್ತ. ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕ ಕೂರಿಸಿದ್ದು ಇದಕ್ಕೇ ಇರಬೇಕು: ಬಿದ್ದ ನೀರನ್ನು ಬಿದ್ದಲ್ಲೇ ಹಿಡಿದು ಅಳೆದರೆ ವಾದವಿಲ್ಲ.

ದೀಪಾವಳಿಯ ಹೊತ್ತಿಗೆ ಪಾತ್ರ ಅದಲುಬದಲು. ಬಂಗಾಳ ಕೊಲ್ಲಿಯಲ್ಲಿ ಸುಳಿ ಏಳುವುದು ಕೆಳಗೆ ನಿಂತ ಯಾರಿಗೂ ಕಾಣದು, ಯಾವ ನಕ್ಷತ್ರವೂ ಹೇಳದು. ಉಪಗ್ರಹ ಅದನ್ನು ಮೊಳಕೆಯಲ್ಲೇ ಹಿಡಿಯುತ್ತದೆ. ನನ್ನ ಮಟ್ಟಿಗೆ ಅದರ ನಿಜವಾದ ಸಂಬಳ ಈ ಕೆಲಸಕ್ಕೇ.

ಅಂಥ ಒಂದು ದಿನ ಶಿರಾಳಕೊಪ್ಪದ ರಸ್ತೆಯ ಅರ್ಧಭಾಗ ಮೆಕ್ಕೆಜೋಳ. ಹಿರಿಯರೊಬ್ಬರು ಬರಿಗಾಲಲ್ಲಿ ಕಾಳು ಕೆದರುತ್ತಾ, ಒಂದು ಕಾಳು ಹಲ್ಲಿಗಿಟ್ಟು ಕಚ್ಚಿ, ಉಗಿದು, ‘ಇನ್ನೊಂದು ಬಿಸಿಲು ಬೇಕು’ ಎಂದರು. ಮೊಬೈಲಿನಲ್ಲಿ ಸುಳಿಯ ಚಿತ್ರ ತೋರಿಸಿದೆ.

‘ಇದು ಎಲ್ಲಿ ಐತಿ?’

‘ಚೆನ್ನೈ ಹತ್ತಿರ, ಅಜ್ಜ.’

‘ಅಲ್ಲಿ ಮಳೆ ಬಂದರೆ ನಮಗೇನು?’ ಎಂದು ನಕ್ಕರು. ಆಕಾಶ ಪೂರ್ತಿ ತಿಳಿಯಾಗಿತ್ತು. ಸ್ವಲ್ಪ ಹೊತ್ತಿಗೆ ಮೊಮ್ಮಗನನ್ನು ಕೂಗಿ, ಇನ್ನೆರಡು ತಾಡಪಾಲು ತರಲು ಬೈಕಿನಲ್ಲಿ ಅಟ್ಟಿದರು. ‘ಫೋಟೊ ನೋಡಿ ಅಲ್ಲ’ ಎಂದು ನನಗೆ ಸ್ಪಷ್ಟಪಡಿಸಿದರು, ‘ಬೆಳಿಗ್ಗೆಯಿಂದ ಮೊಣಕಾಲು ನೋಯ್ತಾ ಐತಿ.’